ನಮ್ಮ ನುಡಿಗಳ ಲೆಕ್ಕ ಬರೆದಿಟ್ಟ ಗ್ರಿಯರ್ಸನ್

ಸೊಲ್ಲಾಪುರದ ಪೇಟೆಯಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟವರಿಗೆ ನಮ್ಮ ದೇಶದ ಭಾಷೆಗಳ ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಲಕೋಟೆಯ ಕಡೆಯಿಂದ ಜೋಳ, ತೊಗರಿ ಹೇರಿಕೊಂಡು ಬಂದ ರೈತ ತನ್ನ ಮನೆಯವರೊಡನೆ ಕನ್ನಡದಲ್ಲಿ ಮಾತನಾಡುತ್ತಾನೆ. ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಮರಾಠಿಗೆ ಹೊರಳುತ್ತಾನೆ. ಹೆಸರುವಾಸಿಯಾದ ಸೊಲ್ಲಾಪುರ ಚಾದರ ನೇಯುವ ಪದ್ಮಸಾಲಿಗಳ ಕೇರಿಗೆ ಹೋದರೆ ಮನೆಮನೆಯಲ್ಲೂ ತೆಲುಗು. ಮುಸಲ್ಮಾನರ ಓಣಿಯಲ್ಲಿ ದಖನಿ ಉರ್ದು. ಕಲ್ಲು ಒಡೆಯುವ ವಡ್ಡರು, ಬುಟ್ಟಿ ಹೆಣೆಯುವ ಕೈಕಾಡಿಗಳು, ತಾಂಡಾಗಳಿಂದ ಬರುವ ಲಮಾಣಿಗಳು, ಪಾರಧಿಗಳು, ಹೀಗೆ ಒಬ್ಬೊಬ್ಬರ ಮನೆಮಾತು ಒಂದೊಂದು. ಮಂಗಳವೇಢೆ ತಾಲೂಕಿನ ನಂದೇಶ್ವರದ ಕಡೆ ಸರಿದರೆ ಮರಾಠಿಯ ಕೈ ಮೇಲು. ಅಕ್ಕಲಕೋಟೆಯ ಕಡೆ ಸರಿದರೆ ಕನ್ನಡ ದಟ್ಟವಾಗುತ್ತದೆ. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆ ಇದೇ ಊರು. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಸಲಾಗುವ 1018ರ ಬರಹ ಸಿಕ್ಕಿರುವುದೂ ಇದೇ ಜಿಲ್ಲೆಯ ಹತ್ತರಸಂಗ ಕೂಡಲದಲ್ಲಿ, ಭೀಮಾ ಮತ್ತು ಸೀನಾ ನದಿಗಳು ಕೂಡುವ ಜಾಗದಲ್ಲಿ. ಕನ್ನಡ ಶಾಸನಗಳಂತೂ ಆ ಜಿಲ್ಲೆಯಲ್ಲಿ ಹೇರಳ.

ಈ ವರ್ಣನೆ ಓದುವಾಗ ನಮ್ಮ ಕಾಸರಗೋಡಿನ ಓದುಗರಿಗೆ ತಮ್ಮೂರಿನ ಸಂತೆಯೇ ನೆನಪಾದರೆ ಆಶ್ಚರ್ಯವಿಲ್ಲ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಬೆರಳು ಮಡಿಸುತ್ತ ಹೋಗುವ ನಾಡು ನಮ್ಮದು. ಇಂಥ ಮಾತುಗಳಲ್ಲಿ ಯಾವುದು ಯಾವುದರ ಬಂಧು, ಯಾವುದು ಭಾಷೆ, ಯಾವುದು ಉಪಭಾಷೆ, ಎಷ್ಟು ಜನರ ಬಾಯಲ್ಲಿದೆ, ಅದರ ವ್ಯಾಕರಣವೇನು ಎಂಬುದನ್ನು ಇಡೀ ದೇಶದ ಮಟ್ಟಿಗೆ ಕುಳಿತು ಬರೆದಿಡುವ ಹುಚ್ಚು ಸಾಹಸಕ್ಕೆ ಕೈಹಾಕಿದವರು ಒಬ್ಬರಿದ್ದರು. ಅವರು ಸರ್ ಜಾರ್ಜ್ ಅಬ್ರಹಾಂ ಗ್ರಿಯರ್ಸನ್. ಭಾಷಾಶಾಸ್ತ್ರ ಓದಿದವರಿಗೆ ಅವರ ಹೆಸರು ಚಿರಪರಿಚಿತ. ಉಳಿದವರಿಗೂ ಅವರ ಜೀವನದ ಪರಿಚಯವಿರಲಿ ಎಂಬ ಆಶಯದಿಂದ ನಾವು ಈ ಲೇಖನ ಬರೆಯುತ್ತಿದ್ದೇವೆ. ಅದರಲ್ಲೂ ಗಡಿಯಲ್ಲಿ ಬಾಳುವ ನಮ್ಮಂಥವರಿಗೆ ಅವರ ಕೆಲಸದಲ್ಲಿ ತಿಳಿಯಬೇಕಾದ ಸಂಗತಿಗಳು ಹಲವಿವೆ. ಸಂತೋಷಪಡಬೇಕಾದವೂ ಇವೆ, ಕೊರಗಬೇಕಾದವೂ ಇವೆ.

ಮುದ್ರಕರ ಮನೆಯ ಮಗ

ಗ್ರಿಯರ್ಸನ್ ಹುಟ್ಟಿದ್ದು 1851ರ ಜನವರಿ 7ರಂದು, ಐರ್ಲೆಂಡಿನ ಡಬ್ಲಿನ್ ಸೀಮೆಯಲ್ಲಿ. ಅವರದು ಹಳೆಯ ಮುದ್ರಕರ ಮನೆತನ. ತಂದೆ, ಅಜ್ಜ ಎಲ್ಲರೂ ಡಬ್ಲಿನ್ನಿನಲ್ಲಿ ಹೆಸರಾಂತ ಮುದ್ರಕರಾಗಿದ್ದರು. ಅಕ್ಷರದ ಅಚ್ಚಿನ ನಡುವೆ ಬೆಳೆದ ಹುಡುಗ ಮುಂದೆ ಎಂಟು ಸಾವಿರದಷ್ಟು ಪುಟಗಳನ್ನು ಅಚ್ಚು ಹಾಕಿಸಿದ್ದು ಒಂದು ದೃಷ್ಟಿಯಲ್ಲಿ ಮನೆತನದ ಕಸುಬನ್ನೇ ಮುಂದುವರಿಸಿದಂತೆ.

ಅವರು ಹುಟ್ಟಿದ ಕಾಲ ಐರ್ಲೆಂಡಿಗೆ ಬಹಳ ಕೆಟ್ಟ ಕಾಲ. ಆಲೂಗಡ್ಡೆಯ ಬೆಳೆ ನಾಶವಾಗಿ ಬಂದ ಮಹಾಕ್ಷಾಮ ಆಗ ತಾನೇ ಇಳಿಮುಖವಾಗಿತ್ತು. ಲಕ್ಷಾಂತರ ಜನ ಸತ್ತಿದ್ದರು, ಲಕ್ಷಾಂತರ ಜನ ಹಡಗು ಹತ್ತಿ ಹೋಗಿದ್ದರು. ಸತ್ತವರಲ್ಲೂ ಹೋದವರಲ್ಲೂ ಐರಿಷ್ ಭಾಷೆಯನ್ನಾಡುವ ಬಡವರೇ ಹೆಚ್ಚಾಗಿದ್ದುದರಿಂದ ಆ ದೇಶದ ಸ್ವಂತ ನುಡಿ ಕಣ್ಣೆದುರೇ ಸೊರಗತೊಡಗಿತ್ತು. ಒಂದು ನುಡಿ ಮನೆಯಿಂದ ಮನೆಗೆ ಹೇಗೆ ಇಲ್ಲವಾಗುತ್ತದೆ ಎಂಬುದಕ್ಕೆ ಆ ನಾಡು ಒಂದು ಪಾಠಶಾಲೆಯಂತಿತ್ತು.

ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಗ್ರಿಯರ್ಸನ್ ಓದಿದ್ದು ಗಣಿತ. ಆದರೆ ಅಲ್ಲಿ ಸಂಸ್ಕೃತ ಕಲಿಸುತ್ತಿದ್ದ ರಾಬರ್ಟ್ ಅಟ್ಕಿನ್ಸನ್ ಎಂಬ ಅಧ್ಯಾಪಕರು ಸಿಕ್ಕಿದರು. ಅವರ ಬಳಿ ಸಂಸ್ಕೃತ ಕಲಿಯುತ್ತ ಗಣಿತದ ಹುಡುಗನಿಗೆ ಭಾಷೆಗಳ ಗೀಳು ಅಂಟಿತು. 1871ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1873ರಲ್ಲಿ ಬಂಗಾಳ ಪ್ರಾಂತಕ್ಕೆ ಬಂದಿಳಿದರು. ಆಗ ಅವರಿಗೆ 22 ವರ್ಷ.

ಬಿಹಾರದ ಹೊಲಗಳಲ್ಲಿ

ಬಂದ ಹೊಸತರಲ್ಲೇ ಬಿಹಾರದಲ್ಲಿ ಬರಗಾಲ. ಹಳ್ಳಿಗಳಲ್ಲಿ ಓಡಾಡಿ ಜನರ ಕಷ್ಟ ಕೇಳುವುದು ಅಧಿಕಾರಿಗಳ ಪಾಡಾಯಿತು. ಪರೀಕ್ಷೆಗೆಂದು ಕಲಿತ ಹಿಂದೂಸ್ತಾನಿ ಕಚೇರಿಯಲ್ಲಿ ನಡೆಯುತ್ತಿತ್ತು, ಹೊಲದಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿನ ರೈತರು ಆಡುತ್ತಿದ್ದುದು ಮೈಥಿಲಿ, ಮಗಹಿ, ಭೋಜಪುರಿ. ದೂರು ಕೊಡಲು ಬಂದವನ ಮಾತು ತಿಳಿಯದೆ ನ್ಯಾಯ ಹೇಳುವುದು ಹೇಗೆ? ಗ್ರಿಯರ್ಸನ್ನರು ಆ ಮಾತುಗಳನ್ನು ಕಲಿಯತೊಡಗಿದರು. ಕಲಿತದ್ದನ್ನು ಬರೆದಿಟ್ಟರು. ಮೈಥಿಲಿಗೆ ವ್ಯಾಕರಣ ಬಂತು. 1883ರಿಂದ 1887ರ ವರೆಗೆ ಬಿಹಾರದ ನುಡಿಗಳ ಏಳು ವ್ಯಾಕರಣಗಳು ಬಂದವು. ಅಲ್ಲಿನ ಜನ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕೈಥಿ ಲಿಪಿಗೂ ಒಂದು ಕೈಪಿಡಿ ಬಂತು.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಪ್ರಿಯವಾಗುವ ಪುಸ್ತಕ 1885ರಲ್ಲಿ ಹೊರಬಂದ ಬಿಹಾರದ ರೈತ ಜೀವನವನ್ನು ಕುರಿತ ಗ್ರಂಥ. ಹೆಸರಿಗೆ ಅದೊಂದು ಶಬ್ದಸಂಗ್ರಹ. ಆದರೆ ಅದರೊಳಗೆ ಇಡೀ ಹಳ್ಳಿಯೇ ಕುಳಿತಿದೆ. ನೇಗಿಲಿನ ಒಂದೊಂದು ಭಾಗಕ್ಕೆ ಏನೆನ್ನುತ್ತಾರೆ, ಗಾಡಿಯ ಚಕ್ರದ ಅಂಗಾಂಗಗಳಿಗೆ ಏನೆನ್ನುತ್ತಾರೆ, ಗಾಣ, ಮಗ್ಗ, ಕುಂಬಾರನ ತಿಗರಿ, ಮನೆಯ ಮಾಡು, ಅಡಿಗೆಯ ಪಾತ್ರೆ, ಮದುವೆಯ ಶಾಸ್ತ್ರ, ಭೂಮಿಯ ಅಳತೆ, ಸಾಲದ ಕರಾರು, ಎಲ್ಲಕ್ಕೂ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವ ಹೆಸರುಗಳು ಚಿತ್ರಸಹಿತ ಅದರಲ್ಲಿವೆ. ರೈತನನ್ನೂ ಕಸುಬುದಾರನನ್ನೂ ಕೇಳದೆ ಇಂಥ ಪುಸ್ತಕ ಬರೆಯಲಾಗದು. ನಮ್ಮ ಅಡಿಕೆ ತೋಟದಲ್ಲಿ, ಗದ್ದೆಯಲ್ಲಿ ನಿನ್ನೆ ಮೊನ್ನೆಯ ವರೆಗೆ ಓಡಾಡುತ್ತಿದ್ದ ಎಷ್ಟು ಶಬ್ದಗಳು ನೇಗಿಲಿನ ಜತೆಗೇ ಅಟ್ಟ ಸೇರಿದವು ಎಂದು ಯೋಚಿಸಿದರೆ ಅಂಥ ಪುಸ್ತಕದ ಬೆಲೆ ಏನೆಂಬುದು ತಿಳಿಯುತ್ತದೆ.

ಗಯಾದಲ್ಲಿ ಕಲೆಕ್ಟರರಾಗಿ, ಮುಂದೆ ಪಾಟ್ನಾದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದು, ಅಫೀಮು ಇಲಾಖೆಯ ಮೇಲ್ವಿಚಾರಣೆಯನ್ನೂ ನೋಡಿಕೊಂಡ ಅವರು ಸರಕಾರದ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಈ ವಿದ್ವತ್ತಿನ ಕೆಲಸ ನಡೆಸಿದರು. ಆಳುವವರ ನೌಕರನಾಗಿ ಬಂದವರು ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಅವರ ಶ್ರಮವನ್ನು ಕಡಿಮೆ ಮಾಡಿ ಹೇಳಬೇಕಾಗಿಯೂ ಇಲ್ಲ.

ವಿಯೆನ್ನಾದ ಠರಾವು

1886ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಪ್ರಾಚ್ಯವಿದ್ಯಾ ವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಭಾರತದ ಭಾಷೆಗಳನ್ನು ಶಿಸ್ತಿನಿಂದ ಸಮೀಕ್ಷೆ ಮಾಡಬೇಕೆಂದು ಭಾರತ ಸರಕಾರವನ್ನು ಒತ್ತಾಯಿಸುವ ಠರಾವು ಅಲ್ಲಿ ಪಾಸಾಯಿತು. ಗ್ರಿಯರ್ಸನ್ನರೂ ಆ ಸಭೆಯಲ್ಲಿದ್ದರು. ಸರಕಾರಿ ಕೆಲಸದ ವೇಗ ಆಗಲೂ ಈಗಿನಂತೆಯೇ! ಖರ್ಚಿನ ಮಾತು, ಪತ್ರವ್ಯವಹಾರ ಎಂದು ಎಂಟು ವರ್ಷ ಕಳೆದು 1894ರಲ್ಲಿ ಒಪ್ಪಿಗೆ ಸಿಕ್ಕಿತು. 1898ರಲ್ಲಿ ಗ್ರಿಯರ್ಸನ್ನರು ಭಾರತೀಯ ಭಾಷಾ ಸಮೀಕ್ಷೆಯ ಸೂಪರಿಂಟೆಂಡೆಂಟರಾಗಿ ನೇಮಕಗೊಂಡರು. ಸ್ವಲ್ಪ ಕಾಲದಲ್ಲೇ ಕಾಗದಪತ್ರಗಳ ಹೊರೆಯೊಂದಿಗೆ ಇಂಗ್ಲೆಂಡಿಗೆ ಹೋಗಿ ಕ್ಯಾಂಬರ್ಲಿ ಎಂಬ ಊರಿನಲ್ಲಿ ನೆಲಸಿದರು. 1903ರಲ್ಲಿ ನೌಕರಿಯಿಂದ ನಿವೃತ್ತರಾದ ಮೇಲೂ ಈ ಕೆಲಸ ಬಿಡಲಿಲ್ಲ.

ಸಮೀಕ್ಷೆಯ ಕ್ರಮ ಹೀಗಿತ್ತು. ಜಿಲ್ಲೆ ಜಿಲ್ಲೆಯ ಅಧಿಕಾರಿಗಳಿಗೆ, ದೇಶೀ ಸಂಸ್ಥಾನಗಳಿಗೆ ಮೊದಲು ಪತ್ರ ಹೋಯಿತು. ನಿಮ್ಮಲ್ಲಿ ಯಾವ ಯಾವ ಮಾತುಗಳಿವೆ, ಎಷ್ಟು ಜನ ಆಡುತ್ತಾರೆ ಎಂಬ ಪಟ್ಟಿ ತರಿಸಲಾಯಿತು. ಬಳಿಕ ಪ್ರತಿಯೊಂದು ಮಾತಿಗೂ ಮೂರು ಮಾದರಿಗಳನ್ನು ಕೇಳಲಾಯಿತು. ಮೊದಲನೆಯದು ಎಲ್ಲರಿಗೂ ಒಂದೇ ಕಥೆ: ಬೈಬಲಿನಲ್ಲಿ ಬರುವ ದಾರಿತಪ್ಪಿದ ಮಗನ ಸಾಮತಿ. ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೇಳಿ ಪಡೆದು ದೂರದೇಶಕ್ಕೆ ಹೋದ ಕಿರಿಯ ಮಗ ಎಲ್ಲವನ್ನೂ ಕಳೆದುಕೊಂಡು ಮನೆಗೆ ಮರಳುವ ಆ ಕಥೆಯನ್ನು ಆರಿಸಿದ್ದಕ್ಕೆ ಕಾರಣ ಧರ್ಮಪ್ರಚಾರವಲ್ಲ. ನಾನು, ನೀನು, ಅವನು ಎಂಬ ಮೂರು ಪುರುಷಗಳೂ, ನಾಮಪದದ ಹೆಚ್ಚಿನ ವಿಭಕ್ತಿಗಳೂ, ಕ್ರಿಯಾಪದದ ಮೂರು ಕಾಲಗಳೂ ಆ ಒಂದೇ ಚಿಕ್ಕ ಕಥೆಯಲ್ಲಿ ಸಿಗುತ್ತವೆ. ಇಲ್ಲಿನ ಜನರ ಭಾವನೆಗೆ ಹೊಂದದ ಮಾತುಗಳನ್ನು ಅಲ್ಪಸ್ವಲ್ಪ ಬದಲಿಸಿಕೊಳ್ಳಲಾಯಿತು. ಎರಡನೆಯದು ಆಯಾ ಊರಿನದೇ ಒಂದು ಕಥೆ ಅಥವಾ ಹಾಡು ಅಥವಾ ಕಚೇರಿಯಲ್ಲಿ ಕೊಟ್ಟ ಹೇಳಿಕೆ. ಮೂರನೆಯದು ಗೊತ್ತುಮಾಡಿದ ಶಬ್ದಗಳ, ವಾಕ್ಯಗಳ ಪಟ್ಟಿ.

ಕೆಲಸ ಸುಲಭವಾಗಿರಲಿಲ್ಲ. ಹಳ್ಳಿಯವನನ್ನು ನಿನ್ನ ಭಾಷೆ ಯಾವುದು ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ತಾನು ಆಡುವುದು ಮಾತು, ಅಷ್ಟೆ. ಅದಕ್ಕೊಂದು ಹೆಸರು ಬೇರೆ ಬೇಕೆ? ಪಕ್ಕದ ಊರಿನವರ ಮಾತಿಗೆ ಹೆಸರು ಹೇಳಬಲ್ಲ, ತನ್ನದಕ್ಕಿಲ್ಲ. ಎಷ್ಟೋ ನುಡಿಗಳಿಗೆ ಹೀಗೆ ಹೊರಗಿನವರು ಇಟ್ಟ ಹೆಸರೇ ಕಾಗದದ ಮೇಲೆ ಬಂತು.

ಒಡಹುಟ್ಟಿದ ನುಡಿಗಳು

ಇಲ್ಲಿ ಭಾಷಾಕುಟುಂಬ ಎಂದರೇನೆಂಬ ಮಾತನ್ನು ಸ್ವಲ್ಪ ಹೇಳಬೇಕು. ನಾವು ಕಣ್ಣು ಎನ್ನುತ್ತೇವೆ. ತಮಿಳರು ಕಣ್, ಮಲೆಯಾಳಿಗಳು ಕಣ್ಣ್, ತೆಲುಗರು ಕನ್ನು ಎನ್ನುತ್ತಾರೆ. ಇದರಲ್ಲಿ ಸೋಜಿಗವೇನೂ ಇಲ್ಲ, ನೆರೆಹೊರೆಯವರು. ಆದರೆ ಮಧ್ಯಭಾರತದ ಕಾಡಿನ ಗೊಂಡರೂ ಕನ್ ಎನ್ನುತ್ತಾರೆ. ಝಾರಖಂಡದ ಕುರುಖರು ಖನ್ ಎನ್ನುತ್ತಾರೆ. ಎಲ್ಲಿಯೋ ಬಲೂಚಿಸ್ತಾನದ ಬೆಟ್ಟಗಳಲ್ಲಿ ಬ್ರಾಹುಯಿ ಮಾತನಾಡುವವರೂ ಖನ್ ಎನ್ನುತ್ತಾರೆ. ಸೊಲ್ಲಾಪುರದ ಕನ್ನಡಿಗನ ಪಕ್ಕದ ಮನೆಯ ಮರಾಠಿಯವನು ಮಾತ್ರ ಡೋಳಾ ಎನ್ನುತ್ತಾನೆ! ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಬೇರೆ ಕುಟುಂಬ ಎಂಬುದನ್ನು ಮದ್ರಾಸಿನಲ್ಲಿ ಎಲ್ಲಿಸ್ 1816ರಲ್ಲೂ ಕಾಲ್ಡ್‌ವೆಲ್ 1856ರಲ್ಲೂ ತೋರಿಸಿಕೊಟ್ಟಿದ್ದರು. ಗ್ರಿಯರ್ಸನ್ನರ ಸಮೀಕ್ಷೆ ದೇಶದ ದೊಡ್ಡ ಭಾಗಕ್ಕೆ ಈ ಬಗೆಯ ವಂಶಾವಳಿ ಬರೆಯಿತು. ಉತ್ತರ ಮತ್ತು ಪಶ್ಚಿಮದಲ್ಲಿ ಆರ್ಯ ಭಾಷೆಗಳು, ದಕ್ಷಿಣದಲ್ಲಿ ಮತ್ತು ನಡುನಡುವೆ ದ್ರಾವಿಡ, ಛೋಟಾನಾಗಪುರದ ಕಡೆ ಸಂತಾಲಿ, ಮುಂಡಾರಿ ಮೊದಲಾದ ಮುಂಡಾ ಭಾಷೆಗಳು, ಅವುಗಳ ದೂರದ ನೆಂಟನಾಗಿ ಮೇಘಾಲಯದ ಖಾಸಿ, ಹಿಮಾಲಯದಿಂದ ಬರ್ಮಾದ ವರೆಗೆ ಟಿಬೆಟೋ-ಬರ್ಮನ್ ಭಾಷೆಗಳು.

1903ರಿಂದ 1928ರ ವರೆಗೆ 11 ಸಂಪುಟಗಳು 19 ಪುಸ್ತಕಗಳಾಗಿ ಹೊರಬಂದವು. ಕೊನೆಗೆ ಸಿಕ್ಕ ಲೆಕ್ಕ: 179 ಭಾಷೆಗಳು, 544 ಉಪಭಾಷೆಗಳು. ಈ 179ರಲ್ಲಿ ಅರ್ಧಕ್ಕೂ ಹೆಚ್ಚು ಟಿಬೆಟೋ-ಬರ್ಮನ್ ಕಡೆಯವು. ಆಡುವವರ ಸಂಖ್ಯೆ ಕಡಿಮೆ, ಭಾಷೆಗಳ ಸಂಖ್ಯೆ ಹೆಚ್ಚು. ಗುಡ್ಡಕ್ಕೊಂದು ಮಾತು.

ನಾಲ್ಕು ಸಂಪುಟಗಳಲ್ಲಿ ಒಂದು ಪೇಟೆ

ಈಗ ಮತ್ತೆ ಸೊಲ್ಲಾಪುರಕ್ಕೆ ಬರೋಣ. ಆಗ ಸೊಲ್ಲಾಪುರ ಮುಂಬಯಿ ಪ್ರಾಂತದ ಒಂದು ಜಿಲ್ಲೆ. ಅಕ್ಕಲಕೋಟೆ ಅದರ ಪಕ್ಕದ ಒಂದು ಚಿಕ್ಕ ಸಂಸ್ಥಾನ. ಮುಂಬಯಿ ಪ್ರಾಂತ ಸಮೀಕ್ಷೆಯ ವ್ಯಾಪ್ತಿಯಲ್ಲಿತ್ತು. ನಾವು ಆರಂಭದಲ್ಲಿ ಹೇಳಿದ ಪೇಟೆಯ ಮಾತುಗಳನ್ನು ಈ ಸಂಪುಟಗಳಲ್ಲಿ ಹುಡುಕಿದರೆ ಒಂದು ವಿಚಿತ್ರ ಕಾಣುತ್ತದೆ. ಕನ್ನಡವೂ ತೆಲುಗೂ 1906ರಲ್ಲಿ ಬಂದ 4ನೆಯ ಸಂಪುಟದಲ್ಲಿ ಜತೆಯಾಗಿವೆ. ಕೈಕಾಡಿಯನ್ನು ತಮಿಳಿನ ಕಡೆಯದೆಂದೂ ವಡ್ಡರ ಮಾತನ್ನು ತೆಲುಗಿನ ಕಡೆಯದೆಂದೂ ಅದೇ ಸಂಪುಟದಲ್ಲಿ ಸೇರಿಸಲಾಗಿದೆ. ಮರಾಠಿ 1905ರ 7ನೆಯ ಸಂಪುಟದಲ್ಲಿ, ಕೊಂಕಣಿಯೂ ಅಲ್ಲಿಯೇ. ದಖನಿ ಉರ್ದು 9ನೆಯ ಸಂಪುಟದಲ್ಲಿ ಪಶ್ಚಿಮ ಹಿಂದಿಯ ಜತೆಗೆ. ಲಮಾಣಿ ಮತ್ತು ಪಾರಧಿ ಅದೇ 9ನೆಯ ಸಂಪುಟದ ಇನ್ನೊಂದು ಭಾಗದಲ್ಲಿ, ಭಿಲ್ಲರ ಮಾತುಗಳ ಜತೆಗೆ. ಅಲೆಮಾರಿಗಳಾದ ಭಾಮಟರ ಮಾತು 1922ರ 11ನೆಯ ಸಂಪುಟದಲ್ಲಿ. ಒಂದು ಸಂತೆಯ ದಿನ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಜನರ ನುಡಿಗಳು ಕಪಾಟಿನಲ್ಲಿ ನಾಲ್ಕು ಸಂಪುಟಗಳಲ್ಲಿ ಚೆದರಿ ಕುಳಿತಿವೆ.

ಕನ್ನಡದ ಸಂಪುಟವನ್ನೂ ಮರಾಠಿಯ ಸಂಪುಟವನ್ನೂ ಸಿದ್ಧಪಡಿಸಿದವರು ಒಬ್ಬರೇ ಎಂಬುದು ಇನ್ನೊಂದು ಸ್ವಾರಸ್ಯ. ಅವರು ಗ್ರಿಯರ್ಸನ್ನರ ಸಹಾಯಕರಾಗಿದ್ದ ನಾರ್ವೆ ದೇಶದ ಸ್ಟೆನ್ ಕೊನೋವ್. ಎರಡು ಭಾಷೆಗಳೂ ಅವರಿಗೆ ಸಮಾನವಾಗಿ ದೂರದವು. ಆದ್ದರಿಂದ ಯಾರ ಪಕ್ಷವನ್ನೂ ವಹಿಸಬೇಕಾದ ಸಂಕಟ ಅವರಿಗಿರಲಿಲ್ಲ.

ಆರ್ಯ ಭಾಷೆಗಳ ನಾಡಿನಲ್ಲಿ ನಡೆದುಕೊಂಡು ಹೋದರೆ ಒಂದು ಮಾತು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಸುರುವಾಯಿತು ಎಂದು ತಿಳಿಯದು, ಒಂದು ಮೆಲ್ಲಗೆ ಇನ್ನೊಂದರಲ್ಲಿ ಕರಗುತ್ತದೆ ಎಂಬುದನ್ನು ಗ್ರಿಯರ್ಸನ್ನರು ಸ್ಪಷ್ಟವಾಗಿ ತಿಳಿಸಿದ್ದರು. ತಾವು ನಕಾಶೆಯಲ್ಲಿ ಎಳೆದ ಗೆರೆಗಳು ಅನುಕೂಲಕ್ಕಾಗಿ ಎಳೆದವು ಎಂದೂ ಎಚ್ಚರಿಸಿದ್ದರು. ಕನ್ನಡ ಮರಾಠಿಗಳ ಗಡಿಯಲ್ಲಿ ಸಂಗತಿ ಬೇರೆ. ಎರಡು ಕುಟುಂಬಗಳಾದ್ದರಿಂದ ಒಂದು ಇನ್ನೊಂದರಲ್ಲಿ ಕರಗುವುದಿಲ್ಲ. ಕರಗುವುದು ಜನ. ಒಬ್ಬನೇ ಮನುಷ್ಯ ಎರಡನ್ನೂ ಆಡುತ್ತಾನೆ. ನಮ್ಮ ತುಪ್ಪ ಮರಾಠಿಯಲ್ಲಿ ತೂಪ ಆಗುತ್ತದೆ, ಅಣ್ಣ ಅಕ್ಕಂದಿರು ಅಲ್ಲಿಯೂ ಅಣ್ಣ ಅಕ್ಕಂದಿರೇ. ಸಾಲ ತಂದ ಶಬ್ದದಿಂದ ಕುಟುಂಬ ಬದಲಾಗದು, ನೆಂಟಸ್ತಿಕೆ ಬೆಳೆಯುತ್ತದೆ. ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ನಡೆಸಿದ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಕಾಲ ಒಂದೇ ಊರಿನಲ್ಲಿ ಬಾಳಿ, ವಾಕ್ಯದ ಕಟ್ಟಡದಲ್ಲಿ ಒಂದಕ್ಕೊಂದು ಎಷ್ಟು ಹತ್ತಿರ ಬಂದಿವೆಯೆಂದರೆ, ಒಂದರ ಪದದ ಜಾಗದಲ್ಲಿ ಇನ್ನೊಂದರ ಪದ ಇಡುತ್ತ ಹೋದರೆ ಸಾಕು, ಅನುವಾದವಾಗುತ್ತದೆ ಎಂದು ಅವರು ಕಂಡರು. ಆದರೂ ಆ ಊರಿನವರು ತಮ್ಮ ತಮ್ಮ ಮನೆಮಾತನ್ನು ಬಿಟ್ಟಿರಲಿಲ್ಲ. ಗಡಿಯ ಜನರ ಬಾಳನ್ನು ಬಲ್ಲವರಿಗೆ ಇದು ನಂಬಲಾಗದ ಮಾತಲ್ಲ.

ಬಿಟ್ಟುಹೋದ ನಾಡು

ಇಷ್ಟು ದೊಡ್ಡ ಕೆಲಸದಲ್ಲಿ ನಮ್ಮ ನಾಡಿಗೆ ಸಿಕ್ಕಿದ ಜಾಗವೆಷ್ಟು ಎಂದು ನೋಡಿದರೆ ಮನಸ್ಸಿಗೆ ಪಿಚ್ಚೆನಿಸುತ್ತದೆ. ಮದ್ರಾಸು ಪ್ರಾಂತ, ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳು ಸಮೀಕ್ಷೆಯಿಂದ ಹೊರಗುಳಿದವು. ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹೀಗಾಗಿ ನಮ್ಮ ಜಿಲ್ಲೆಯ ಯಾವ ಗ್ರಾಮಕ್ಕೂ ಆ ಪ್ರಶ್ನಾವಳಿ ಬರಲಿಲ್ಲ. ಗ್ರಿಯರ್ಸನ್ನರ ಸಂಪುಟದಲ್ಲಿ ಕನ್ನಡದ ಮುಖ ಕಾಣುವುದು ಮುಖ್ಯವಾಗಿ ಮುಂಬಯಿ ಪ್ರಾಂತದ ಕನ್ನಡ ಸೀಮೆಯ ಕಿಟಕಿಯಿಂದ. ವಿಜಾಪುರದ ಕಡೆಯ ಆಡುಮಾತಿಗೆ ಅಲ್ಲಿ ಜಾಗ ಸಿಕ್ಕಿತು. ಮೈಸೂರಿನ ಕನ್ನಡಕ್ಕೂ ಕುಂಬಳೆ ಸೀಮೆಯ ಹವ್ಯಕರ ಕನ್ನಡಕ್ಕೂ ಸಿಗಲಿಲ್ಲ. ಕನ್ನಡದ ನಡುನಾಡು ಹೊರಗುಳಿದು, ಇಂದು ಗಡಿಯಾಚೆ ಇರುವ ಸೊಲ್ಲಾಪುರ ಅಕ್ಕಲಕೋಟೆಗಳು ಲೆಕ್ಕದ ಒಳಗಿದ್ದವು.

ತುಳುವಿನಂಥ ಬೆಳೆದ ಭಾಷೆಗೂ ಹಳೆಯ ಪುಸ್ತಕಗಳ ಆಧಾರದಿಂದ ಒಂದೆರಡು ಮಾತು ಬಿಟ್ಟರೆ ನೇರವಾದ ಸಮೀಕ್ಷೆಯ ಭಾಗ್ಯ ಬರಲಿಲ್ಲ. ಕೊರಗರ ಮಾತಿನ ಪಾಡನ್ನಂತೂ ಕೇಳುವುದೇ ಬೇಡ. ಕೊರಗ ಭಾಷೆಯ ವಿವರವಾದ ಅಧ್ಯಯನ ಡಿ. ಎನ್. ಶಂಕರ ಭಟ್ಟರಿಂದ ಪುಸ್ತಕವಾಗಿ ಬಂದದ್ದು 1971ರಲ್ಲಿ. ಗ್ರಿಯರ್ಸನ್ನರ ಕೊನೆಯ ಸಂಪುಟ ಬಂದು 43 ವರ್ಷಗಳಾಗಿದ್ದವು. ಅಷ್ಟರವರೆಗೆ ಆ ಭಾಷೆ ಇರಲಿಲ್ಲವೆ? ಇತ್ತು. ಮನೆಯಲ್ಲಿ ತಾಯಂದಿರು ಮಕ್ಕಳೊಡನೆ ಆಡುತ್ತಲೇ ಇದ್ದರು. ಕಾಗದದ ಮೇಲೆ ಮಾತ್ರ ಇರಲಿಲ್ಲ.

ಇನ್ನೂ ಕೆಲವು ಕೊರತೆಗಳನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಮಾದರಿಗಳನ್ನು ಸಂಗ್ರಹಿಸಿದವರು ಕಚೇರಿಯ ಜನ, ಭಾಷಾಶಾಸ್ತ್ರದ ತರಬೇತಿ ಪಡೆದವರಲ್ಲ. ಅನುವಾದಿಸಿದ ಕಥೆಯಲ್ಲಿ ಆಡುಮಾತಿನ ಸಹಜತೆ ಎಲ್ಲ ಕಡೆ ಉಳಿಯಲಿಲ್ಲ. ಕೆಲವು ಮಾತುಗಳ ಬಂಧುತ್ವವನ್ನು ಗುರುತಿಸುವಲ್ಲಿಯೂ ತಪ್ಪಾಯಿತು. ಮಹಾರಾಷ್ಟ್ರ ಮಧ್ಯಪ್ರದೇಶಗಳ ಗಡಿಯಲ್ಲಿ ಕೆಲವೇ ಸಾವಿರ ಜನ ಆಡುವ ನಿಹಾಲಿಯನ್ನು ಸಮೀಕ್ಷೆ ಮುಂಡಾ ಭಾಷೆಗಳ ಜತೆಗೆ ಸೇರಿಸಿತ್ತು. ಅದು ಯಾವ ಕುಟುಂಬಕ್ಕೂ ಸೇರದ ಒಂಟಿ ಭಾಷೆ ಎಂಬುದು ಮುಂದಿನ ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಹೀಗೆ ನೋಡಿದರೆ ಮಹಾರಾಷ್ಟ್ರ ಒಂದರಲ್ಲೇ ಆರ್ಯ ಕುಟುಂಬದ ಮರಾಠಿ, ದ್ರಾವಿಡ ಕುಟುಂಬದ ಕನ್ನಡ, ಗೊಂಡಿ, ಕೊಲಾಮಿ, ಮುಂಡಾ ಕುಟುಂಬದ ಕೊರ್ಕು, ಒಂಟಿಯಾದ ನಿಹಾಲಿ, ಇಷ್ಟೂ ಇವೆ.

ಸಂಪುಟಗಳು ಹೊರಬರುತ್ತಿದ್ದಾಗಲೇ ಗ್ರಾಮಫೋನ್ ತಟ್ಟೆಗಳಲ್ಲಿ ಭಾಷೆಗಳ ದನಿ ಹಿಡಿದಿಡುವ ಕೆಲಸವೂ ನಡೆಯಿತು. ಮದ್ರಾಸು ಪ್ರಾಂತದಲ್ಲೂ ಹೀಗೆ ಧ್ವನಿಮುದ್ರಣ ಮಾಡಲಾಯಿತು. ಆ ತಟ್ಟೆಗಳ ದನಿಯನ್ನು ಈಗ ಕಂಪ್ಯೂಟರಿನಲ್ಲಿ ಕೇಳಬಹುದಾಗಿದೆ. ನೂರು ವರ್ಷದ ಹಿಂದೆ ಯಾವನೋ ಹಳ್ಳಿಯವನು ಕೊಳವೆಯ ಮುಂದೆ ನಿಂತು ಹೇಳಿದ ದಾರಿತಪ್ಪಿದ ಮಗನ ಕಥೆ ಇಂದಿಗೂ ಕೇಳುತ್ತದೆ.

ತುಂಬು ಬಾಳು

ಗ್ರಿಯರ್ಸನ್ನರು ಸಮೀಕ್ಷೆಯೊಂದರಿಂದಲೇ ತೃಪ್ತರಾದವರಲ್ಲ. ಕಾಶ್ಮೀರಿ ಭಾಷೆಗೆ ದೊಡ್ಡ ನಿಘಂಟು ತಯಾರಿಸಿದರು. 1916ರಲ್ಲಿ ಮೊದಲ ಭಾಗ ಬಂದು 1932ರಲ್ಲಿ ಅದು ಮುಗಿಯಿತು. ಆಗ ಅವರಿಗೆ 81 ವರ್ಷ. ಕಾಶ್ಮೀರದ ಶಿವಭಕ್ತೆ ಲಲ್ಲೇಶ್ವರಿಯ ನುಡಿಗಳನ್ನು ಬಾರ್ನೆಟ್ ಅವರೊಡನೆ ಸೇರಿ 1920ರಲ್ಲಿ ಪ್ರಕಟಿಸಿದರು. ನಮ್ಮ ಅಕ್ಕಮಹಾದೇವಿಯನ್ನು ಓದಿದವರಿಗೆ ಲಲ್ಲೇಶ್ವರಿ ಅಪರಿಚಿತಳೆನಿಸಲಾರಳು. 1912ರಲ್ಲಿ ಸರ್ ಪದವಿ ಬಂತು. ಸಮೀಕ್ಷೆ ಮುಗಿದ 1928ರಲ್ಲಿ ಬ್ರಿಟಿಷ್ ಸರಕಾರದ ಅತ್ಯಂತ ಹಿರಿಯ ಗೌರವಗಳಲ್ಲೊಂದಾದ ಆರ್ಡರ್ ಆಫ್ ಮೆರಿಟ್ ಲಭಿಸಿತು. 1941ರ ಮಾರ್ಚ್ 9ರಂದು, 90 ವರ್ಷ ತುಂಬಿದ ಮೇಲೆ, ಕ್ಯಾಂಬರ್ಲಿಯಲ್ಲಿ ಅವರು ಕಣ್ಮುಚ್ಚಿದರು. ಭಾರತದಲ್ಲಿ ಅವರಿದ್ದದ್ದು ಕಾಲು ಶತಮಾನದಷ್ಟು ಕಾಲ. ಭಾರತದ ಮಾತುಗಳೊಡನೆ ಇದ್ದದ್ದು ಹೆಚ್ಚುಕಡಿಮೆ ಎಪ್ಪತ್ತು ವರ್ಷ.

ಲೆಕ್ಕದ ಮುಂದಿನ ಕಥೆ

ಅವರು ಕಾಲವಾದ 15 ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ಭಾಷೆಯ ಆಧಾರದ ಮೇಲೆ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕಾಸರಗೋಡು ಕೇರಳಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದವಾದವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಕ್ಕಲಕೋಟೆ ತಾಲೂಕನ್ನೂ ದಕ್ಷಿಣ ಸೊಲ್ಲಾಪುರದ ಹಳ್ಳಿಗಳನ್ನೂ ಮೈಸೂರು ರಾಜ್ಯಕ್ಕೆ ಕೊಡಲು ಸೂಚಿಸಿತು. ವರದಿ ಜಾರಿಗೆ ಬರಲಿಲ್ಲ. ಆ ಕಥೆ ನಮ್ಮ ಓದುಗರಿಗೆ ಹೊಸತಲ್ಲ, ಇಲ್ಲಿ ಬೆಳೆಸುವುದಿಲ್ಲ. ಗ್ರಿಯರ್ಸನ್ನರು ಅನುಕೂಲಕ್ಕೆಂದು ಎಳೆದಂಥ ಗೆರೆಗಳು ಮುಂದೆ ಕಚೇರಿಯ ಗೆರೆಗಳಾದಾಗ, ಗೆರೆಯ ಎರಡೂ ಕಡೆ ಬೇರೆ ನುಡಿಯ ಮನೆಗಳು ಉಳಿದೇ ಉಳಿದವು. ಅಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಇಲ್ಲಿಯೂ ಇದ್ದಾರೆ.

ಭಾಷೆಗಳ ಲೆಕ್ಕವೂ ಆಮೇಲೆ ಏರಿಳಿಯಿತು. 1961ರ ಜನಗಣತಿ 1652 ಮಾತೃಭಾಷೆಗಳ ಹೆಸರು ಕೊಟ್ಟಿತು. 1971ರಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಮಾತುಗಳನ್ನು ಬೇರೆಯಾಗಿ ತೋರಿಸುವುದನ್ನು ಬಿಟ್ಟರು. ಜನ ಇದ್ದರು, ಹೆಸರು ಹೋಯಿತು. 2011ರ ಜನಗಣತಿಯಲ್ಲಿ 1369 ಮಾತೃಭಾಷೆಗಳನ್ನು 121 ಭಾಷೆಗಳಾಗಿ ಗುಂಪು ಮಾಡಲಾಗಿದೆ. ಅದರಲ್ಲಿ 32 ಲಕ್ಷಕ್ಕೂ ಮೇಲ್ಪಟ್ಟ ಲಮಾಣಿ ಮಾತಿನವರು ಹಿಂದಿಯ ಲೆಕ್ಕದೊಳಗೆ ಬರುತ್ತಾರೆ, ನೀಲಗಿರಿಯ ಬಡಗರು ಕನ್ನಡದ ಲೆಕ್ಕದೊಳಗೆ. 2010ರಲ್ಲಿ ಗಣೇಶ ದೇವಿಯವರ ನೇತೃತ್ವದಲ್ಲಿ ಆರಂಭವಾದ ಜನರ ಭಾಷಾ ಸಮೀಕ್ಷೆ 780 ಭಾಷೆಗಳನ್ನು ಗುರುತಿಸಿತು. ಎಣಿಸುವ ಕ್ರಮ ಬದಲಾದಂತೆ ಸಂಖ್ಯೆ ಬದಲಾಗುತ್ತದೆ.

ಒಂದು ಸಮಾಧಾನದ ಸಂಗತಿಯೂ ಇದೆ. ತರುಣ ಗ್ರಿಯರ್ಸನ್ ಬಿಹಾರದಲ್ಲಿ ವ್ಯಾಕರಣ ಬರೆದ ಮೈಥಿಲಿ 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಡೋಗ್ರಿ, ಮುಂಡಾ ಕುಟುಂಬದ ಸಂತಾಲಿ, ಟಿಬೆಟೋ-ಬರ್ಮನ್ ಕುಟುಂಬದ ಬೋಡೊ ಅದರ ಜತೆಗೇ ಬಂದವು. ವ್ಯಾಕರಣದಿಂದ ಅನುಸೂಚಿಗೆ ಸುಮಾರು 120 ವರ್ಷ! ನಮ್ಮ ತುಳು ಇನ್ನೂ ಬಾಗಿಲಲ್ಲಿ ನಿಂತಿದೆ.

ಗ್ರಿಯರ್ಸನ್ನರ ಜೀವನವನ್ನು ಓದುತ್ತ ನಮಗೆ ಮತ್ತೆ ಮತ್ತೆ ಅನಿಸಿದ್ದು ಇಷ್ಟೆ. ಅವರ ಎಂಟು ಸಾವಿರ ಪುಟಗಳ ಬುಡದಲ್ಲಿರುವುದು ಯಾವುದೋ ಊರಿನ ಯಾರೋ ಒಬ್ಬರು ಕೊಟ್ಟ ಉತ್ತರ. ಉತ್ತರ ಬಂದ ನುಡಿ ಪುಸ್ತಕದಲ್ಲಿ ಉಳಿಯಿತು. ಕೇಳದೆ ಹೋದ ನುಡಿಗೆ ಜಾಗ ಸಿಗಲಿಲ್ಲ. ಜನಗಣತಿಯವರು ಮನೆಬಾಗಿಲಿಗೆ ಬಂದಾಗ ಮಾತೃಭಾಷೆ ಯಾವುದು, ಬೇರೆ ಯಾವ ಎರಡು ಭಾಷೆ ಬಲ್ಲಿರಿ ಎಂದು ಕೇಳುವುದುಂಟು. ಅವಸರದಲ್ಲಿ, ಯಾವುದಾದರೇನು ಎಂದು, ಊರಿನ ದೊಡ್ಡ ಭಾಷೆಯನ್ನು ಬರೆಸಿ ಕಳುಹಿಸುವ ಮನೆಗಳು ನಮ್ಮಲ್ಲೂ ಇವೆ, ಅಕ್ಕಲಕೋಟೆಯಲ್ಲೂ ಇದ್ದಾವು. ಒಲೆಯ ಮುಂದೆ ಆಡುವ ಮಾತು ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಕನ್ನಡವಾದರೆ ಕನ್ನಡ ಎಂದು ಹೇಳುವುದಕ್ಕೆ ಒಂದು ನಿಮಿಷವೂ ಬೇಡ. ಬರೆದುಕೊಂಡರೋ ಇಲ್ಲವೋ ಎಂದು ನೋಡುವುದಕ್ಕೆ ಇನ್ನೊಂದು ನಿಮಿಷ. ಗ್ರಿಯರ್ಸನ್ನರು ಇದಕ್ಕಾಗಿ ಮೂವತ್ತು ವರ್ಷ ಕೊಟ್ಟರು. ನಾವು ಎರಡು ನಿಮಿಷ ಕೊಡಲಾರೆವೆ?